ಲೋಹ ಮತ್ತು ಕಾಗದ: ಹಳೆಯ ಜರ್ಮನ್ ಸೇನಾ ಪದಕಗಳ ಸಂಗ್ರಹಕ್ಕೆ ತೊಡಗುವವರಿಗೆ



ಹಳೆಯ ಜರ್ಮನ್ ಸೇನಾ ಪದಕಗಳನ್ನು ಸಂಗ್ರಹಿಸಬೇಕೆನ್ನುವವರು ಎಲ್ಲಿಂದ ಆರಂಭಿಸಬೇಕು ಎಂಬುದು ಇಂದಿನ ಉಪನ್ಯಾಸದ ವಿಷಯ. ಜರ್ಮನಿ, ಬ್ರಿಟನ್, ಅಮೆರಿಕಗಳಲ್ಲಿ ಈ ಹವ್ಯಾಸಕ್ಕೆ ದೊಡ್ಡ ಮಾರುಕಟ್ಟೆಯಿದೆ, ಸಂಘಗಳಿವೆ, ದಪ್ಪ ದಪ್ಪ ಕೈಪಿಡಿಗಳಿವೆ. ನಮ್ಮಲ್ಲೂ ನಾಣ್ಯ ಸಂಗ್ರಹದಿಂದ ಪದಕಗಳ ಕಡೆಗೆ ಹೊರಳುವವರಿದ್ದಾರೆ. ಅವರಲ್ಲಿ ಬಹಳ ಮಂದಿ ಮೊದಲ ಹೆಜ್ಜೆಯನ್ನೇ ತಪ್ಪು ಕಡೆಗೆ ಇಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ಹೆಸರುವಾಸಿಯಾದ, ಅಪರೂಪದ, ದುಬಾರಿ ಪದಕದ ಆಸೆಯಿಂದ ಅವರು ಹೊರಡುತ್ತಾರೆ. ನಾನು ಮಂಡಿಸಲಿರುವ ವಾದ ಇದಕ್ಕೆ ತದ್ವಿರುದ್ಧವಾದದ್ದು. ಹೊಸಬರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹಂಚಿಕೆಯಾದ ಸಾಮಾನ್ಯ ಪದಕದಿಂದ, ಅದರಲ್ಲೂ ತನ್ನ ಪ್ರದಾನಪತ್ರವನ್ನು ಇನ್ನೂ ಉಳಿಸಿಕೊಂಡಿರುವ ಪದಕದಿಂದ ಆರಂಭಿಸಬೇಕು. ಜರ್ಮನ್ ಪದಕಗಳ ಮಟ್ಟಿಗೆ ಲೋಹವೊಂದೇ ಸಾಕ್ಷಿ ನುಡಿಯಲಾರದು. ಅದಕ್ಕೆ ಬಲವಾದ ಕಾರಣಗಳಿವೆ. ಆ ಕಾರಣಗಳನ್ನು ವಿವರಿಸುವುದೇ ಇಂದಿನ ನನ್ನ ಕೆಲಸ.

ವ್ಯಾಪ್ತಿಯ ಬಗ್ಗೆ ಒಂದು ಮಾತು. 1813ರಿಂದ 1918ರವರೆಗಿನ ಕಾಲವನ್ನು ಮುಖ್ಯವಾಗಿ ತೆಗೆದುಕೊಳ್ಳುತ್ತೇನೆ. ಮೊದಲ ಮಹಾಯುದ್ಧದ ನೆನಪಿಗಾಗಿ 1934ರಲ್ಲಿ ಸ್ಥಾಪನೆಯಾದ ಒಂದು ಪದಕವನ್ನೂ ಇದರೊಳಗೆ ಸೇರಿಸಿಕೊಳ್ಳುತ್ತೇನೆ. ನಾಜಿ ಆಡಳಿತದ ಪದಕಗಳನ್ನು ಹೊಸಬರ ದಾರಿಯಿಂದ ಹೊರಗಿಡಬೇಕು ಎನ್ನುವವನು ನಾನು. ಅದರ ಕಾರಣಗಳನ್ನು ಕೊನೆಯ ಭಾಗದಲ್ಲಿ ಹೇಳುತ್ತೇನೆ. ಮೊದಲು ಈ ಪದಕಗಳು ಹುಟ್ಟಿದ ರಾಜಕೀಯ ಹಿನ್ನೆಲೆ, ಆಮೇಲೆ ಅಸಲಿ ಮತ್ತು ನಕಲಿಯ ಪ್ರಶ್ನೆ, ಮೂರನೆಯದಾಗಿ ಕಾಗದಪತ್ರಗಳು ಮತ್ತು ದಫ್ತರಗಳು, ಕೊನೆಗೆ ಈ ಹವ್ಯಾಸದ ವಿರುದ್ಧ ಎತ್ತಲಾಗುವ ಆಕ್ಷೇಪಗಳು: ಈ ಕ್ರಮದಲ್ಲಿ ಮುಂದುವರಿಯುತ್ತೇನೆ.

ಐರನ್ ಕ್ರಾಸ್‌ನಿಂದಲೇ ಆರಂಭಿಸೋಣ. ನೆಪೋಲಿಯನ್ ವಿರುದ್ಧ ಪ್ರಷ್ಯಾ ಎದ್ದುನಿಂತ 1813ರಲ್ಲಿ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಬ್ರೆಸ್ಲಾವ್ ನಗರದಲ್ಲಿ ಈ ಪದಕವನ್ನು ಸ್ಥಾಪಿಸಿದನು. ಶಾಸನಕ್ಕೆ ಹಾಕಿದ ತಾರೀಖು ಮಾರ್ಚ್ 10, ಅಂದರೆ 1810ರಲ್ಲಿ ತೀರಿಕೊಂಡಿದ್ದ ರಾಣಿ ಲೂಯಿಸೆಯ ಜನ್ಮದಿನ. ದೊರೆಯೇ ಗೀಚಿಕೊಟ್ಟ ಕಲ್ಪನೆಗೆ ಅಂತಿಮ ರೂಪ ಕೊಟ್ಟವನು ಬರ್ಲಿನ್ನಿನ ಪ್ರಸಿದ್ಧ ವಾಸ್ತುಶಿಲ್ಪಿ ಕಾರ್ಲ್ ಫ್ರೆಡರಿಕ್ ಶಿಂಕೆಲ್. ಕಪ್ಪು ಎರಕದ ಕಬ್ಬಿಣ, ಅದರ ಸುತ್ತ ಬೆಳ್ಳಿಯ ತೆಳುವಾದ ಕಟ್ಟು. ರಾಜಮನೆತನದ ಗೌರವಕ್ಕೆ ಕಬ್ಬಿಣವನ್ನು ಆರಿಸಿಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಬೊಕ್ಕಸ ಬರಿದಾಗಿತ್ತು, ಮನೆಮನೆಯ ಹೆಂಗಸರು ಚಿನ್ನದ ಒಡವೆಗಳನ್ನು ಯುದ್ಧನಿಧಿಗೆ ಕೊಟ್ಟು ಕಬ್ಬಿಣದ ಉಂಗುರಗಳನ್ನು ತೊಡುತ್ತಿದ್ದ ದಿನಗಳವು. ಇನ್ನೊಂದು ಹೊಸತನವೆಂದರೆ, ಸಾಮಾನ್ಯ ಸಿಪಾಯಿಯಿಂದ ಸೇನಾಪತಿಯವರೆಗೆ ಯಾರು ಬೇಕಾದರೂ ಈ ಪದಕಕ್ಕೆ ಅರ್ಹರಾಗಬಹುದಿತ್ತು. ಅದಕ್ಕೆ ಮುಂಚೆ ಇದ್ದ ಪೂರ್ ಲ ಮೆರೀತ್ ಎಂಬ ಗೌರವ ಅಧಿಕಾರಿಗಳಿಗೆ ಮೀಸಲಾಗಿತ್ತು. ಮಹಾಶಯ ಫ್ರೆಡರಿಕ್ 1740ರಲ್ಲಿ ಅದನ್ನು ಸ್ಥಾಪಿಸಿದಾಗ ಅವನ ಆಸ್ಥಾನದ ನುಡಿ ಫ್ರೆಂಚ್ ಆಗಿದ್ದುದರಿಂದ ಆ ಹೆಸರೂ ಫ್ರೆಂಚಿನಲ್ಲೇ ಉಳಿಯಿತು.

ಐರನ್ ಕ್ರಾಸ್ ಮೂಲದಲ್ಲಿ ಆ ಒಂದು ಯುದ್ಧಕ್ಕೆ ಮಾತ್ರ ಸೇರಿದ್ದು. ಆಮೇಲೆ 1870ರಲ್ಲಿ ಫ್ರಾನ್ಸಿನೊಡನೆ ಯುದ್ಧ ಬಂದಾಗ ಜುಲೈ 19ರಂದು ಅದನ್ನು ಮತ್ತೆ ಜಾರಿಗೆ ತಂದರು. 1914ರ ಆಗಸ್ಟ್ 5ರಂದು ಇನ್ನೊಮ್ಮೆ. ಹಾಗಾಗಿ ಪದಕದ ಮೇಲಿರುವ ಇಸವಿ ಸ್ಥಾಪನೆಯ ವರ್ಷವನ್ನು ಹೇಳುತ್ತದೆಯೇ ಹೊರತು ಅದನ್ನು ಪಡೆದವನಿಗೆ ಪ್ರದಾನವಾದ ವರ್ಷವನ್ನಲ್ಲ. 1914 ಎಂದು ಬರೆದ ಪದಕವನ್ನು 1918ರಲ್ಲಿ ಪಡೆದವರು ಅಸಂಖ್ಯಾತರು. ಮೊದಲ ಮಹಾಯುದ್ಧದಲ್ಲಿ ಎರಡನೆಯ ದರ್ಜೆಯ ಐರನ್ ಕ್ರಾಸ್ ಪಡೆದವರು ಸುಮಾರು 50 ಲಕ್ಷ ಮಂದಿ, ಮೊದಲ ದರ್ಜೆಯದನ್ನು ಪಡೆದವರು 2 ಲಕ್ಷಕ್ಕೂ ಹೆಚ್ಚು. ಎರಡನೆಯ ದರ್ಜೆಯದು ರಿಬ್ಬನ್ನಿನಿಂದ ತೂಗುತ್ತಿತ್ತು, ಮೊದಲನೆಯದನ್ನು ಎಡ ಎದೆಗೆ ಪಿನ್ನಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ರಣರಂಗದಲ್ಲಿ ಹೋರಾಡಿದವರ ರಿಬ್ಬನ್ ಬಿಳಿಯ ಪಟ್ಟೆಗಳುಳ್ಳ ಕಪ್ಪು. ಹೋರಾಟದ ಹೊರಗೆ ಸೇವೆ ಸಲ್ಲಿಸಿದವರದ್ದು ಕಪ್ಪು ಪಟ್ಟೆಗಳುಳ್ಳ ಬಿಳಿ. ಇಷ್ಟು ಸಣ್ಣ ಬಣ್ಣದ ವ್ಯತ್ಯಾಸದಲ್ಲಿ ಒಬ್ಬ ಮನುಷ್ಯನ ಯುದ್ಧಕಾಲದ ಬದುಕು ಎರಡು ದಿಕ್ಕಿಗೆ ಕವಲೊಡೆಯುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಐರನ್ ಕ್ರಾಸ್ ಪ್ರಷ್ಯಾದ ಪದಕ. ಜರ್ಮನಿಯದು ಎಂದು ನಾವು ಸಡಿಲವಾಗಿ ಹೇಳುತ್ತೇವೆ. 1871ರ ಜನವರಿ 18ರಂದು ವರ್ಸೈಲ್ಸ್‌ನಲ್ಲಿ ಘೋಷಣೆಯಾದ ಜರ್ಮನ್ ಸಾಮ್ರಾಜ್ಯ 25 ರಾಜ್ಯಗಳ ಒಕ್ಕೂಟವಾಗಿತ್ತು. ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬರ್ಗ್ ಎಂಬ ನಾಲ್ಕು ರಾಜಪ್ರಭುತ್ವಗಳು; ಅವುಗಳ ಕೆಳಗೆ ಮಹಾಡಚಿಗಳು, ಡಚಿಗಳು, ಸಣ್ಣ ಸಂಸ್ಥಾನಗಳು; ಜೊತೆಗೆ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಎಂಬ ಮೂರು ಸ್ವತಂತ್ರ ವರ್ತಕ ನಗರಗಳು. ಪದಕ ಕೊಡುವ ಹಕ್ಕನ್ನು ದೊರೆಗಳು ಬಿಟ್ಟುಕೊಡಲಿಲ್ಲ. ಸ್ಯಾಕ್ಸನಿಯ ಸಂತ ಹೆನ್ರಿ ಸೇನಾ ಗೌರವ 1736ರಷ್ಟು ಹಳೆಯದು. ಬವೇರಿಯಾದ ಮ್ಯಾಕ್ಸ್ ಜೋಸೆಫ್ ಗೌರವ ಪಡೆದ ಸಾಮಾನ್ಯ ಕುಲದ ಅಧಿಕಾರಿಗೆ ಅವನ ಜೀವಮಾನದ ಮಟ್ಟಿಗೆ ಕುಲೀನ ಪದವಿಯೂ ದೊರೆಯುತ್ತಿತ್ತು. ಬಿರುದು ಬಾವಲಿಗಳನ್ನು ಗಣರಾಜ್ಯದ ಅಭಿಮಾನದಿಂದ ದೂರವಿಟ್ಟಿದ್ದ ಹ್ಯಾಂಬರ್ಗ್‌ನಂಥ ವರ್ತಕ ನಗರಗಳು ಕೂಡ 1915ರಲ್ಲಿ ಕೆಂಪು ಎನಾಮಲ್ಲಿನ ಹಾನ್ಸಿಯಾಟಿಕ್ ಕ್ರಾಸ್ ಅನ್ನು ಹೊರತಂದವು. ಮೂರು ಗೋಪುರಗಳ ಕೋಟೆ ಇದ್ದರೆ ಅದು ಹ್ಯಾಂಬರ್ಗಿನದು, ಬೀಗದ ಕೈ ಇದ್ದರೆ ಬ್ರೆಮೆನ್ನಿನದು, ಎರಡು ತಲೆಯ ಹದ್ದು ಇದ್ದರೆ ಲ್ಯೂಬೆಕ್ಕಿನದು. ನೂರಾರು ಸಂಸ್ಥಾನಗಳ ಚರಿತ್ರೆಯನ್ನು ಬಲ್ಲ ನಮ್ಮ ಓದುಗರಿಗೆ ಈ ಚಿತ್ರ ಅಪರಿಚಿತವೆನಿಸಲಾರದು. ಸಂಗ್ರಹಕಾರನಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ಇಡೀ ಜರ್ಮನಿಯನ್ನು ಒಮ್ಮೆಗೇ ಹಿಡಿಯಹೊರಟರೆ ಕೈಗೆ ಏನೂ ದಕ್ಕುವುದಿಲ್ಲ. ಒಂದು ರಾಜ್ಯವನ್ನೋ ಒಂದು ಯುದ್ಧವನ್ನೋ ಆರಿಸಿಕೊಳ್ಳಬೇಕು. ಯಾವ ರಾಜ್ಯವನ್ನು ಎಂಬುದಕ್ಕೆ ದಫ್ತರಗಳ ವಿಷಯ ಬಂದಾಗ ಉತ್ತರ ಸಿಗುತ್ತದೆ.

ಈಗ ಎರಡನೆಯ ವಿಷಯಕ್ಕೆ ಬರುತ್ತೇನೆ. ಅಸಲಿ ಯಾವುದು, ನಕಲಿ ಯಾವುದು? ಹೊಸಬರು ಮೊದಲು ಕೇಳುವ ಪ್ರಶ್ನೆ ಇದೇ, ಕೇಳಬೇಕಾದದ್ದೂ ಹೌದು. ಆದರೆ ಜರ್ಮನ್ ಪದಕಗಳಲ್ಲಿ ಈ ಪ್ರಶ್ನೆಗೆ ಎರಡೇ ಉತ್ತರಗಳಿಲ್ಲ. ಸರ್ಕಾರ ಕೊಟ್ಟ ಪದಕವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ದಿನನಿತ್ಯ ಧರಿಸಲು ಇನ್ನೊಂದನ್ನು ಅಕ್ಕಸಾಲಿಗರ ಅಂಗಡಿಯಿಂದ ಸ್ವಂತ ಹಣದಲ್ಲಿ ಕೊಳ್ಳುವುದು ಅಲ್ಲಿ ನಿಯಮಬದ್ಧವಾದ ರೂಢಿಯಾಗಿತ್ತು. ಬರ್ಲಿನ್ನಿನ ಗೊಡೆ, ವಾಗ್ನರ್, ಮೇಬವರ್, ಮ್ಯೂನಿಕ್ಕಿನ ಡೆಶ್ಲರ್ ಮೊದಲಾದ ತಯಾರಕರು ಸರ್ಕಾರಕ್ಕೂ ಖಾಸಗಿಯವರಿಗೂ ಪದಕಗಳನ್ನು ಮಾಡಿಕೊಡುತ್ತಿದ್ದರು. ಹೀಗೆ ಕೊಂಡ ಪದಕ ಸರ್ಕಾರ ಕೊಟ್ಟದ್ದಲ್ಲ, ಆದರೂ ನಕಲಿಯಲ್ಲ. ಆ ವೀರನ ಎದೆಯ ಮೇಲೆ ನಿಜವಾಗಿ ಇದ್ದದ್ದು ಬಹುಶಃ ಅದೇ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ, ಕಳೆದುಹೋದದ್ದರ ಬದಲಿಗೆ ಮಾಡಿಸಿಕೊಂಡ ಪದಕಗಳಿವೆ. ವಸ್ತುಸಂಗ್ರಹಾಲಯಕ್ಕೆಂದು ಮಾಡಿದ ಪ್ರತಿಗಳಿವೆ. ಇವೆಲ್ಲದರ ಕೊನೆಯಲ್ಲಿ, ಕೊಳ್ಳುವವನಿಗೆ ಮೋಸ ಮಾಡಲೆಂದೇ ಹುಟ್ಟಿದ ಖೋಟಾ ಪದಕಗಳಿವೆ. ಈ ಮೆಟ್ಟಿಲುಗಳ ನಡುವಿನ ವ್ಯತ್ಯಾಸವನ್ನು ಲೋಹ ಎಷ್ಟೋ ಸಲ ಹೇಳುವುದೇ ಇಲ್ಲ.

ಹಾಗೆಂದು ಲೋಹವನ್ನು ಓದುವುದನ್ನು ಕಲಿಯದೆ ಇರಲಾಗದು. 1914ರ ಎರಡನೆಯ ದರ್ಜೆಯ ಐರನ್ ಕ್ರಾಸ್ ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಗಲ ಸುಮಾರು 42 ಮಿಲಿಮೀಟರ್. ಮುಮ್ಮುಖದಲ್ಲಿ ಮೇಲ್ತೋಳಿನಲ್ಲಿ ಕಿರೀಟ, ನಡುವೆ ಡಬ್ಲ್ಯು ಅಕ್ಷರ, ಕೆಳತೋಳಿನಲ್ಲಿ 1914. ಹಿಮ್ಮುಖದಲ್ಲಿ 1813ರ ಮೂಲ ವಿನ್ಯಾಸವೇ: ಮೇಲೆ ಹಳೆಯ ದೊರೆಯ ಮೊದಲಕ್ಷರಗಳು, ನಡುವೆ ಓಕ್ ಮರದ ಎಲೆಗಳು, ಕೆಳಗೆ ಆ ಇಸವಿ. ಸರಿಯಾದ ಪದಕ ಒಂದೇ ತುಂಡಾಗಿರುವುದಿಲ್ಲ. ಅಚ್ಚೊತ್ತಿದ ಕಬ್ಬಿಣದ ತಿರುಳನ್ನು ನಡುವೆ ಇಟ್ಟು, ಬೆಳ್ಳಿಯ ಎರಡು ಕಟ್ಟುಗಳನ್ನು ಮುಂದೆ ಹಿಂದೆ ಕೂರಿಸಿ ಅಂಚಿನಲ್ಲಿ ಬೆಸುಗೆ ಹಾಕಿರುತ್ತಾರೆ. ಪದಕವನ್ನು ಓರೆಯಾಗಿ ಹಿಡಿದು, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ಅಂಚನ್ನು ನೋಡಿದರೆ ಆ ಬೆಸುಗೆಯ ಗೆರೆ ಕಾಣಬೇಕು. ಕಟ್ಟಿನ ಒಳಬದಿಯಲ್ಲಿ ಮಣಿಗಳಂಥ ಚುಕ್ಕೆಗಳ ಸಾಲು ಚೂಪಾಗಿರಬೇಕು. ಎರಕ ಹೊಯ್ದು ಮಾಡಿದ ಖೋಟಾದಲ್ಲಿ ಆ ಮಣಿಗಳು ಕರಗಿದಂತೆ ಮಬ್ಬಾಗಿರುತ್ತವೆ, ತಿರುಳಿಗೂ ಕಟ್ಟಿಗೂ ನಡುವೆ ಸಂದು ಇರುವುದೇ ಇಲ್ಲ. ಅಯಸ್ಕಾಂತ ನಡುವಿನ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ರಿಬ್ಬನ್ ಪೋಣಿಸುವ ಉಂಗುರದ ಮೇಲೆ ತಯಾರಕರ ಕಿರಿದಾದ ಅಕ್ಷರ ಮುದ್ರೆ ಇರಬಹುದು, ಇಲ್ಲದೆಯೂ ಇರಬಹುದು. ರಿಬ್ಬನ್ನನ್ನು ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಅದು ನೀಲಿಯಾಗಿ ಹೊಳೆದರೆ ಅನುಮಾನಪಡಬೇಕು, ಏಕೆಂದರೆ ಬಟ್ಟೆಗೆ ಹೊಳಪು ಕೊಡುವ ಆ ರಾಸಾಯನಿಕಗಳು ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ.

ಈ ಪ್ರತಿಯೊಂದು ಪರೀಕ್ಷೆಗೂ ಒಂದು ಅಪವಾದವಿದೆ ಎಂಬುದನ್ನು ಗಮನಿಸಬೇಕು. ಕಬ್ಬಿಣವಲ್ಲದ ತಿರುಳಿನ ಪದಕಗಳನ್ನು ಅಕ್ಕಸಾಲಿಗರು ಆ ಕಾಲದಲ್ಲೇ ಮಾಡಿದ್ದಾರೆ, ಆದ್ದರಿಂದ ಅಯಸ್ಕಾಂತಕ್ಕೆ ಅಂಟದ್ದೆಲ್ಲ ಖೋಟಾ ಅಲ್ಲ. ಮೊಮ್ಮಗಳೊಬ್ಬಳು ಹಳೆಯ ರಿಬ್ಬನ್ನನ್ನು ಇಂದಿನ ಸೋಪಿನ ಪುಡಿಯಲ್ಲಿ ತೊಳೆದಿಟ್ಟಿದ್ದರೆ ಅಸಲಿ ರಿಬ್ಬನ್ನೂ ಹೊಳೆಯುತ್ತದೆ. ಇತ್ತ ಜಾಣ ಖೋಟಾಗಾರರು ಮೂರು ತುಂಡುಗಳನ್ನು ಬೆಸೆಯುವುದನ್ನೂ ಕಲಿತಿದ್ದಾರೆ. ಪೂರ್ ಲ ಮೆರೀತ್‌ನಂಥ ಲಕ್ಷಗಟ್ಟಲೆ ರೂಪಾಯಿ ಬಾಳುವ ಪದಕದಲ್ಲಿ ಈ ಪೈಪೋಟಿ ಇನ್ನೂ ತೀವ್ರವಾಗುತ್ತದೆ. 1916ರ ಕೊನೆಗೆ ಚಿನ್ನದ ಅಭಾವದಿಂದ ಅದನ್ನು ಚಿನ್ನದ ಬದಲು ಚಿನ್ನದ ಲೇಪದ ಬೆಳ್ಳಿಯಲ್ಲಿ ಮಾಡಲು ತೊಡಗಿದರು. ಅಧಿಕಾರಿಗಳು ಕೊಂಡಿಟ್ಟುಕೊಂಡ ಎರಡನೆಯ ಪ್ರತಿಗಳು ಬೇರೆ ಬೇರೆ ಕೈಗಳಿಂದ ಹೊರಬಂದವು. ಪ್ರಷ್ಯಾದ ಅನೇಕ ಉನ್ನತ ಗೌರವಗಳನ್ನು, ಪಡೆದವನು ತೀರಿಕೊಂಡ ಮೇಲೆ, ಮನೆಯವರು ಸರ್ಕಾರಕ್ಕೆ ಮರಳಿಸಬೇಕಿತ್ತು. ಇಷ್ಟೆಲ್ಲ ಗೊಂದಲದ ನಡುವೆ ನಿಂತು ತೀರ್ಪು ಕೊಡಲು ಹತ್ತಾರು ವರ್ಷಗಳ ಕಣ್ಣಿನ ಅಭ್ಯಾಸ ಬೇಕು. ಹೊಸಬರು ಅಲ್ಲಿಂದ ಆರಂಭಿಸುವುದು ಈಜು ಕಲಿಯದೆ ಮಡುವಿಗೆ ಇಳಿದಂತೆ. ಇದೇ ಕಾರಣಕ್ಕೆ ನಾನು ಸಾಮಾನ್ಯ ಪದಕವನ್ನು ಎತ್ತಿಹಿಡಿಯುತ್ತೇನೆ. ಅಗ್ಗದ ಪದಕವನ್ನು ಖೋಟಾ ಮಾಡಿ ಗಳಿಸುವ ಲಾಭ ಕಡಿಮೆ, ಹಾಗಾಗಿ ಅಸಲಿಗಳೇ ಹೇರಳವಾಗಿ ಸಿಗುತ್ತವೆ. ಅಸಲಿಗಳನ್ನು ನೋಡಿ ನೋಡಿಯೇ ಕಣ್ಣು ಪಳಗುತ್ತದೆ.

ಇಂಥ ಒಂದು ಉದಾಹರಣೆ 1870-71ರ ಯುದ್ಧದ ಸ್ಮರಣ ಪದಕ. 1871ರ ಮೇ ತಿಂಗಳಲ್ಲಿ ಇದನ್ನು ಸ್ಥಾಪಿಸಿದರು. ರಣರಂಗದಲ್ಲಿದ್ದವರಿಗೆ ಕೊಟ್ಟ ಪದಕ ಕಂಚಿನದು, ಆ ಕಂಚು ಫ್ರೆಂಚರಿಂದ ವಶಪಡಿಸಿಕೊಂಡ ಫಿರಂಗಿಗಳನ್ನು ಕರಗಿಸಿ ತೆಗೆದದ್ದು. ಪದಕದ ದುಂಡು ಅಂಚನ್ನು ನಿಧಾನವಾಗಿ ತಿರುಗಿಸಿದರೆ, ಗೆದ್ದ ಫಿರಂಗಿಯಿಂದ ಮಾಡಿದ್ದು ಎಂಬ ಅರ್ಥದ ಜರ್ಮನ್ ಬರಹ ಒಂದೊಂದೇ ಅಕ್ಷರವಾಗಿ ಬೆರಳಿಗೆ ತಾಗುತ್ತದೆ. ಹೋರಾಟದ ಹೊರಗೆ ದುಡಿದವರ ಪದಕ ಉಕ್ಕಿನದು. ಇದರ ಬೆಲೆ ಕೈಗೆಟಕುವಂಥದ್ದು. ಆದರೂ ಸೋತವರ ತೋಪು ಗೆದ್ದವರ ಎದೆಯ ಆಭರಣವಾದ ಇಡೀ ಕ್ರಿಯೆಯನ್ನು ಅದು ತನ್ನ ಅಂಚಿನಲ್ಲೇ ಹೊತ್ತಿದೆ. ಅಪರೂಪದ ಪದಕವೊಂದು ಇದಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಮೂರನೆಯ ವಿಷಯ, ಕಾಗದಪತ್ರಗಳದ್ದು. ನನ್ನ ವಾದದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೊದಲ ಮಹಾಯುದ್ಧದ ಬ್ರಿಟಿಷ್ ಸೇವಾ ಪದಕಗಳ ಅಂಚಿನಲ್ಲಿ ಅದನ್ನು ಪಡೆದವನ ಹೆಸರು, ಸಂಖ್ಯೆ, ಪಡೆ ಎಲ್ಲವನ್ನೂ ಕೆತ್ತಿರುತ್ತಾರೆ. ನಮ್ಮ ಹಳ್ಳಿಗಳ ಮನೆಗಳಲ್ಲಿ ಆ ಯುದ್ಧದ ಪದಕ ಉಳಿದಿದ್ದರೆ ಅದರ ಅಂಚನ್ನು ಓದಿ ಯಾರದೆಂದು ಹೇಳಬಹುದು. ಜರ್ಮನ್ ಪದಕದ ಮೇಲೆ ಸಾಮಾನ್ಯವಾಗಿ ಹೆಸರಿಲ್ಲ. 50 ಲಕ್ಷ ಐರನ್ ಕ್ರಾಸ್‌ಗಳಲ್ಲಿ ನಿಮ್ಮ ಕೈಯಲ್ಲಿರುವುದು ಯಾರದು ಎಂದು ತಿಳಿಯಲು ಜೊತೆಗಿರುವ ಪ್ರದಾನಪತ್ರ, ಸೈನಿಕನ ಸೇವಾ ಪುಸ್ತಕ, ಇಲ್ಲವೇ ಮನೆಯವರು ಬರೆದಿಟ್ಟ ಚೀಟಿ ಬೇಕೇ ಬೇಕು. ಮಾರುಕಟ್ಟೆ ಮಾಡುವ ದೊಡ್ಡ ಅನ್ಯಾಯ ಇಲ್ಲೇ ನಡೆಯುತ್ತದೆ. ಒಂದು ಮನೆಯ ಪೆಟ್ಟಿಗೆಯಲ್ಲಿ ಒಟ್ಟಿಗಿದ್ದ ಪದಕ, ಪತ್ರ, ಛಾಯಾಚಿತ್ರಗಳನ್ನು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆಂದು ವ್ಯಾಪಾರಿ ಅವನ್ನು ಒಡೆಯುತ್ತಾನೆ. ಒಮ್ಮೆ ಒಡೆದ ಮೇಲೆ ಆ ಪದಕ ಶಾಶ್ವತವಾಗಿ ಅನಾಮಿಕವಾಗುತ್ತದೆ. ಹೊಸಬರು ಪತ್ರಸಹಿತವಾದ ಪದಕಗಳನ್ನೇ ಕೇಳಿ ಕೊಳ್ಳತೊಡಗಿದರೆ ಇಂಥ ಒಡೆತಕ್ಕೆ ಬೆಲೆ ಸಿಗದಂತಾಗುತ್ತದೆ. ಕೊಳ್ಳುವವನ ಅಭಿರುಚಿಗೆ ಅಷ್ಟು ಶಕ್ತಿಯಿದೆ.

ಹೆಸರು ಗೊತ್ತಾದ ಮೇಲೂ ಮುಂದಿನ ಹುಡುಕಾಟ ಆ ಸೈನಿಕ ಯಾವ ರಾಜ್ಯದವನು ಎಂಬುದನ್ನು ಅವಲಂಬಿಸುತ್ತದೆ. 1945ರ ಏಪ್ರಿಲ್‌ನಲ್ಲಿ ಪೋಟ್ಸ್‌ಡ್ಯಾಮ್ ನಗರದ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಅಲ್ಲಿನ ಸೇನಾ ದಫ್ತರ ಸುಟ್ಟುಹೋಯಿತು. ಪ್ರಷ್ಯಾದ ಸೈನಿಕರ ವೈಯಕ್ತಿಕ ದಾಖಲೆಗಳಲ್ಲಿ ಬಹುಭಾಗ ಹೀಗೆ ನಾಶವಾಯಿತು. ಬವೇರಿಯಾ ತನ್ನ ಸೇನಾ ದಾಖಲೆಗಳನ್ನು ಮ್ಯೂನಿಕ್ಕಿನಲ್ಲಿ ಪ್ರತ್ಯೇಕವಾಗಿ ಇಟ್ಟುಕೊಂಡಿತ್ತು, ಅವು ಉಳಿದವು. ಮೊದಲ ಮಹಾಯುದ್ಧದ ಬವೇರಿಯನ್ ಪಡೆಗಳ ಹಾಜರಿ ಪಟ್ಟಿಗಳು ಈಗ ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ. ಸೈನಿಕನ ಊರು, ಕಸುಬು, ತಂದೆತಾಯಿಗಳ ಹೆಸರು, ಭಾಗವಹಿಸಿದ ಕಾಳಗಗಳು, ಗಾಯಗಳು, ಪಡೆದ ಪದಕಗಳು ಅಲ್ಲಿ ಅಡ್ಡಸಾಲುಗಳಲ್ಲಿ ಕೈಬರಹದಲ್ಲಿವೆ. ಯಾವ ರಾಜ್ಯದಿಂದ ಆರಂಭಿಸಬೇಕೆಂದು ಕೇಳಿದರೆ ನಾನು ಬವೇರಿಯಾ ಎನ್ನುವುದು ಇದಕ್ಕೇ. ಸಾಮಾನ್ಯ ಸೈನಿಕರಿಗೆ ಸಿಕ್ಕ ಬವೇರಿಯಾದ ಮಿಲಿಟರಿ ಮೆರಿಟ್ ಕ್ರಾಸ್ ಕಡಿಮೆ ಬೆಲೆಗೆ ದೊರೆಯುತ್ತದೆ. ಯುದ್ಧದ ಕೊನೆಯ ಕಾಲದಲ್ಲಿ ಅದನ್ನು ಬೂದುಬಣ್ಣದ ಸತುವಿನಲ್ಲೂ ಮಾಡಿದ್ದಾರೆ, ಏಕೆಂದರೆ ಒಳ್ಳೆಯ ಲೋಹವೆಲ್ಲ ಮದ್ದುಗುಂಡಿನ ಕಾರ್ಖಾನೆಗೆ ಹೋಗಿತ್ತು. ಹಳೆಯ ಜರ್ಮನ್ ಕೈಬರಹವನ್ನು ಓದುವುದು ಕಷ್ಟವೆಂಬುದು ನಿಜ. ಆದರೆ ಮೋಡಿ ಲಿಪಿಯ ಕಡತಗಳನ್ನು ಓದಲು ಕಲಿತವರು ನಮ್ಮ ನಾಡಿನಲ್ಲಿದ್ದಾರೆ. ಶ್ರದ್ಧೆಯಿರುವ ವಿದ್ಯಾರ್ಥಿಗೆ ಇದೂ ಅಸಾಧ್ಯವಲ್ಲ.

ಪತ್ರಸಹಿತವಾಗಿ ಅತಿ ಸುಲಭವಾಗಿ ಸಿಗುವ ಪದಕ, ನಾನು ಆರಂಭದಲ್ಲಿ ಸೂಚಿಸಿದ 1934ರ ಗೌರವ ಕ್ರಾಸ್. ಅಧ್ಯಕ್ಷ ಹಿಂಡೆನ್‌ಬರ್ಗ್ ತಾನು ಸಾಯುವುದಕ್ಕೆ ಕೆಲವೇ ವಾರಗಳ ಮೊದಲು, ಜುಲೈ 13ರಂದು, ಇದನ್ನು ಸ್ಥಾಪಿಸಿದನು. ರಣರಂಗದಲ್ಲಿ ಹೋರಾಡಿದವರಿಗೆ ಕತ್ತಿಗಳಿರುವ ಕ್ರಾಸ್, ಇತರ ಸೇವೆಯಲ್ಲಿದ್ದವರಿಗೆ ಕತ್ತಿಗಳಿಲ್ಲದ್ದು, ಮಡಿದವರ ವಿಧವೆಯರಿಗೂ ತಂದೆತಾಯಿಗಳಿಗೂ ಕಪ್ಪು ಬಣ್ಣದ್ದು. ಒಟ್ಟು 80 ಲಕ್ಷಕ್ಕೂ ಹೆಚ್ಚು ಮಂದಿಗೆ ಇದು ಸಿಕ್ಕಿತು. ಪಡೆಯಬೇಕಾದವರು ಅರ್ಜಿ ಹಾಕಿಕೊಳ್ಳಬೇಕಿತ್ತು. ಪ್ರದಾನಪತ್ರವೆಂದರೆ ಅಚ್ಚಾದ ಒಂದು ಹಾಳೆ. ಅದರಲ್ಲಿ ಪಡೆದವನ ಹೆಸರು, ಊರು, ಅನೇಕ ಸಲ ಅವನ ಕಸುಬು, ತಾರೀಖು, ಸ್ಥಳೀಯ ಅಧಿಕಾರಿಯ ರುಜು, ಮೊಹರು. ಒಬ್ಬ ಬಡಗಿ, ಒಬ್ಬ ಶಾಲಾ ಮಾಸ್ತರ, ಒಬ್ಬ ವಿಧವೆ. ಪದಕದ ಮೇಲೆ ಸ್ವಸ್ತಿಕವಿಲ್ಲ, ಆದರೆ ಹಿಂಡೆನ್‌ಬರ್ಗ್ ತೀರಿಕೊಂಡ ಮೇಲೆ ಹೊರಟ ಪತ್ರಗಳ ಮೊದಲ ಸಾಲಿನಲ್ಲಿ ಹಿಟ್ಲರನ ಪದವಿಯ ಹೆಸರಿದೆ. ಪದಕ ಹೇಳದ್ದನ್ನು ಕಾಗದ ಹೇಳುತ್ತದೆ.

ಈ ಪದಕವನ್ನು ಯಹೂದಿ ಸೈನಿಕರೂ ಪಡೆದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಸುಮಾರು 1 ಲಕ್ಷ ಯಹೂದಿಗಳು ಸೇನೆಯಲ್ಲಿದ್ದರು, ಸುಮಾರು 12,000 ಮಂದಿ ಮಡಿದರು. ಒಂದು ಕಡೆ ಅವರ ಪೌರಹಕ್ಕುಗಳನ್ನು ಕಿತ್ತುಕೊಳ್ಳುತ್ತಲೇ ಇದ್ದ ಆಡಳಿತ ಇನ್ನೊಂದು ಕಡೆ ಅವರ ಹೆಸರಿಗೆ ಮೊಹರು ಒತ್ತಿ ಈ ಪತ್ರವನ್ನು ಕೊಡುತ್ತಿತ್ತು. 1942ರ ಜನವರಿಯಲ್ಲಿ ವಾನ್ಸೀ ಎಂಬಲ್ಲಿ ಯೂರೋಪಿನ ಯಹೂದಿಗಳ ಸಂಹಾರವನ್ನು ಸಮನ್ವಯಗೊಳಿಸಲು ಸೇರಿದ ಅಧಿಕಾರಿಗಳ ಸಭೆಯ ನಡಾವಳಿಯಲ್ಲಿ, ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ ಮತ್ತು ಮೊದಲ ದರ್ಜೆಯ ಐರನ್ ಕ್ರಾಸ್ ಪಡೆದ ಯಹೂದಿಗಳನ್ನು ವೃದ್ಧರಿಗೆಂದು ಹೇಳಲಾದ ಘೆಟ್ಟೋಗೆ ಕಳಿಸುವ ಮಾತಿದೆ. ಅದಕ್ಕೆ ಗೊತ್ತುಮಾಡಿದ್ದ ಜಾಗ ಥೆರೆಸಿಯೆನ್‌ಸ್ಟಾಟ್. ಅಲ್ಲಿಂದ ಎಷ್ಟೋ ಮಂದಿಯನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ಯಹೂದಿ ಹೆಸರಿರುವ ಒಂದು ಪ್ರದಾನಪತ್ರ ನಿಮ್ಮ ಕೈಗೆ ಬಂದರೆ, ಅದರ ಜೊತೆಗಿರುವ ಕ್ರಾಸ್ ಬೇರೆ 80 ಲಕ್ಷ ಕ್ರಾಸ್‌ಗಳಂತೆಯೇ ಇರುತ್ತದೆ. ಆ ಹೆಸರನ್ನು ಹಿಡಿದು ಹುಡುಕಿದಾಗ ಮಾತ್ರ ಅದು ಏನೆಂದು ತಿಳಿಯುತ್ತದೆ.

ಇದೇ ಭಾಗದಲ್ಲಿ, ಪದಕಗಳನ್ನು ಸಾಲಾಗಿ ಹೊಲಿದ ಪಟ್ಟಿಯ ಬಗ್ಗೆಯೂ ಎರಡು ಮಾತು. ಒಬ್ಬನ ಎಲ್ಲ ಪದಕಗಳನ್ನು ನಿಯಮಿತ ಕ್ರಮದಲ್ಲಿ ಜೋಡಿಸಿ ಹೊಲಿದ ಈ ಪಟ್ಟಿಯನ್ನು ಧರಿಸಿದವನ ಬಲದಿಂದ ಎಡಕ್ಕೆ, ಅಂದರೆ ಅವನ ಎದೆಯ ನಡುವಿನಿಂದ ಹೊರಕ್ಕೆ, ಜೀವನಚರಿತ್ರೆಯಂತೆ ಓದಬಹುದು. ಇದೇ ಕಾರಣಕ್ಕೆ ಬಿಡಿ ಪದಕಗಳನ್ನು ತಂದು ಹೊಸದಾಗಿ ಹೊಲಿದು ಚರಿತ್ರೆಯನ್ನೇ ಕಟ್ಟಿ ಮಾರುವವರೂ ಇದ್ದಾರೆ. ರಿಬ್ಬನ್ನುಗಳು ಒಂದೇ ಸಮನಾಗಿ ಮಾಸಿವೆಯೇ, ಹಿಂಬದಿಯ ಬಟ್ಟೆ ಮತ್ತು ಹೊಲಿಗೆಯ ದಾರ ಹಳೆಯವೇ, ಪದಕಗಳು ತಾಗಿದ ಕಡೆ ಸವೆದ ಗುರುತಿದೆಯೇ ಎಂದು ನೋಡಬೇಕು.

ಇನ್ನು ಆಕ್ಷೇಪಗಳಿಗೆ ಉತ್ತರಿಸುವ ಭಾಗ. ಎಲ್ಲಕ್ಕಿಂತ ಗಂಭೀರವಾದದ್ದು, ಇದು ಯುದ್ಧದ ವೈಭವೀಕರಣವಲ್ಲವೇ ಎಂಬ ಆಕ್ಷೇಪ. ಅದನ್ನು ತಳ್ಳಿಹಾಕಲಾರೆ. ಗಾಜಿನ ಪೆಟ್ಟಿಗೆಯಲ್ಲಿ ಮಿನುಗುವ ಪದಕಗಳ ಸಾಲು, ಅವುಗಳ ಕೆಳಗೆ ಹೆಸರು ಮತ್ತು ಬೆಲೆ ಬಿಟ್ಟು ಬೇರೇನೂ ಇಲ್ಲದಿದ್ದರೆ, ಆ ಆಕ್ಷೇಪ ಸರಿಯಾಗಿಯೇ ಇದೆ. ಆದರೆ 1907ರಲ್ಲಿ ಸ್ಥಾಪನೆಯಾದ ನೈಋತ್ಯ ಆಫ್ರಿಕಾ ಪದಕವನ್ನು ನೋಡಿ. ಇಂದಿನ ನಮೀಬಿಯಾದಲ್ಲಿ ಹೆರೆರೊ ಮತ್ತು ನಾಮಾ ಜನರ ಮೇಲೆ ಜರ್ಮನಿ ನಡೆಸಿದ ಯುದ್ಧಕ್ಕಾಗಿ ಕೊಟ್ಟ ಪದಕ ಇದು. ಗೆದ್ದ ಹೋರಾಟಗಾರರಿಗೆ ಎಂಬ ಅರ್ಥದ ಬರಹ ಅದರ ಮೇಲಿದೆ. ರಿಬ್ಬನ್ನಿಗೆ ಕಾಳಗದ ಹೆಸರಿನ ಲೋಹದ ಪಟ್ಟಿಗಳನ್ನು ಸಿಕ್ಕಿಸಿರುತ್ತಾರೆ. ಅವುಗಳಲ್ಲೊಂದರ ಮೇಲೆ ವಾಟರ್‌ಬರ್ಗ್ ಎಂದಿದೆ, ಇನ್ನೊಂದರ ಮೇಲೆ ಒಮಾಹೆಕೆ. ವಾಟರ್‌ಬರ್ಗ್‌ನಲ್ಲಿ ಸೋತ ಹೆರೆರೊಗಳನ್ನು, ಹೆಂಗಸರು ಮಕ್ಕಳೆನ್ನದೆ, ಅಟ್ಟಿದ್ದು ಒಮಾಹೆಕೆ ಎಂಬ ನೀರಿಲ್ಲದ ಮರಳುಗಾಡಿಗೆ. ಸೇನಾಧಿಪತಿ ಲೋಥಾರ್ ಫಾನ್ ಟ್ರೋಥಾ 1904ರ ಅಕ್ಟೋಬರ್ 2ರಂದು ಹೊರಡಿಸಿದ ಸಂಹಾರದ ಆಜ್ಞೆ ಇಂದಿಗೂ ಲಭ್ಯವಿದೆ. ಮರುವರ್ಷ ಅವನಿಗೆ ಪೂರ್ ಲ ಮೆರೀತ್ ಸಿಕ್ಕಿತು. 2021ರಲ್ಲಿ ಜರ್ಮನ್ ಸರ್ಕಾರವೇ ಅಲ್ಲಿ ನಡೆದದ್ದನ್ನು ಇಂದಿನ ದೃಷ್ಟಿಯಲ್ಲಿ ನರಮೇಧವೆಂದು ಕರೆಯಿತು. ಒಮಾಹೆಕೆ ಎಂದು ಬರೆದ ಆ ಸಣ್ಣ ಪಟ್ಟಿ ಇರುವ ಪದಕ, ಒಂದು ರಾಜ್ಯ ತನ್ನ ಅಪರಾಧವನ್ನು ಗೌರವವೆಂದು ತಾನೇ ಕೆತ್ತಿಕೊಟ್ಟ ಲಿಖಿತ ಸಾಕ್ಷ್ಯ. ಅದನ್ನು ಸರಿಯಾದ ವಿವರಣೆಯೊಡನೆ ಇಟ್ಟುಕೊಂಡವನು ವೈಭವೀಕರಿಸುತ್ತಿದ್ದಾನೆ ಎನ್ನಲಾಗದು. ವಿವರಣೆಯಿಲ್ಲದೆ ಇಟ್ಟುಕೊಂಡವನ ಬಗ್ಗೆ ನಾನು ವಾದಿಸುವುದಿಲ್ಲ.

ಇದೇ ತರ್ಕವನ್ನು ನಾಜಿ ಪದಕಗಳಿಗೂ ಅನ್ವಯಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರೌಢ ಸಂಶೋಧಕರಿಗೆ, ವಸ್ತುಸಂಗ್ರಹಾಲಯಗಳಿಗೆ ಅನ್ವಯಿಸಬಹುದು. ಹೊಸಬರಿಗೆ ಬೇಡ ಎನ್ನಲು ನನಗೆ ಮೂರು ಕಾರಣಗಳಿವೆ. ಎಲ್ಲಕ್ಕಿಂತ ಹೆಚ್ಚು ಖೋಟಾ ನಡೆಯುವುದು ಆ ವಸ್ತುಗಳಲ್ಲಿ. ಅವುಗಳ ಸುತ್ತ ನಡೆಯುವ ವ್ಯಾಪಾರದ ಒಂದು ಭಾಗವನ್ನು ಆ ಸಿದ್ಧಾಂತದ ಅಭಿಮಾನಿಗಳೇ ಪೋಷಿಸುತ್ತಿದ್ದಾರೆ, ಆ ಸಹವಾಸ ಯಾರಿಗೂ ಬೇಡ. ಮೂರನೆಯದು ಕಾನೂನು. ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಬಹಿರಂಗ ಪ್ರದರ್ಶನವನ್ನು, ಶಿಕ್ಷಣ ಮತ್ತು ಸಂಶೋಧನೆಯ ವಿನಾಯಿತಿಗಳ ಹೊರತು, ನಿಷೇಧಿಸುತ್ತದೆ. 1957ರ ಕಾನೂನಿನ ಪ್ರಕಾರ ಎರಡನೆಯ ಮಹಾಯುದ್ಧದ ಪದಕಗಳನ್ನು ಪಡೆದವರು ಕೂಡ ಸ್ವಸ್ತಿಕವಿಲ್ಲದ ಹೊಸ ರೂಪದಲ್ಲಿ ಮಾತ್ರ ಧರಿಸಬಹುದಿತ್ತು. ಸ್ವಸ್ತಿಕ ನಮ್ಮಲ್ಲಿ ಮಂಗಳಚಿಹ್ನೆಯಾಗಿರುವುದರಿಂದ ಅಲ್ಲಿನವರಿಗೆ ಆ ಚಿಹ್ನೆ ಉಂಟುಮಾಡುವ ನೋವಿನ ಅರಿವು ನಮ್ಮ ಹವ್ಯಾಸಿಗಳಿಗೆ ಕೆಲವೊಮ್ಮೆ ಇರುವುದಿಲ್ಲ. ಅದೂ ಒಂದು ಎಚ್ಚರಿಕೆಯ ಮಾತು.

ಹಣ ಬೆಳೆಯುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. 50 ಲಕ್ಷ ಮಂದಿಗೆ ಕೊಟ್ಟ ಪದಕದ ಬೆಲೆ ಏರುವುದೆಂದು ಆಶಿಸಬೇಡಿ, ಅಷ್ಟೇ. ಹೂಡಿಕೆಗೆ ಬೇರೆ ದಾರಿಗಳಿವೆ.

ಕನ್ನಡಿಗರಿಗೆ ಜರ್ಮನ್ ಪದಕಗಳೇಕೆ ಎಂಬ ಪ್ರಶ್ನೆಗೆ ಮಾತ್ರ ತುಸು ವಿವರವಾಗಿ ಉತ್ತರಿಸುತ್ತೇನೆ. ದೂರದ ನಾಡಿನ ಚರಿತ್ರೆಯಲ್ಲಿ ಆಸಕ್ತಿ ತಳೆಯಲು ನಂಟು ಇರಲೇಬೇಕೆಂದಿಲ್ಲ. ಆದರೂ ಇಲ್ಲಿ ಒಂದು ನಂಟಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕುದುರೆಪಡೆಗಳಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಎದುರಿಗಿದ್ದದ್ದು ಜರ್ಮನಿಯ ಮಿತ್ರನಾದ ಆಟೋಮನ್ ತುರ್ಕಿಯ ಸೇನೆ. ಪ್ಯಾಲೆಸ್ಟೈನಿನ ಆ ರಣರಂಗದಲ್ಲಿ ತುರ್ಕರ ಜೊತೆ ಜರ್ಮನ್ ಮತ್ತು ಆಸ್ಟ್ರಿಯನ್ ಪಡೆಗಳೂ ಸೆಣಸುತ್ತಿದ್ದವು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಸ್ಮಾರಕ ಮೈಸೂರಿನ ಆ ಸವಾರರದ್ದೇ, ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು. ತುರ್ಕಿಯ ರಣರಂಗಗಳಲ್ಲಿ ಸೇವೆ ಸಲ್ಲಿಸಿದ ಜರ್ಮನ್ನರಿಗೆ ಸುಲ್ತಾನನ ಯುದ್ಧಪದಕ ಸಿಗುತ್ತಿತ್ತು. 1915ರಲ್ಲಿ ಸ್ಥಾಪನೆಯಾದ ಇದು ಕೆಂಪು ಬಣ್ಣದ ಐದು ಮೂಲೆಗಳ ನಕ್ಷತ್ರ, ಅದರ ಮೇಲೆ ಅರ್ಧಚಂದ್ರ, ಸುಲ್ತಾನನ ಅಂಕಿತ, ಹಿಜರಿ 1333 ಎಂಬ ಇಸವಿ. ಬರ್ಲಿನ್ನಿನ ಅಕ್ಕಸಾಲಿಗರೇ ಅದರ ಒಳ್ಳೆಯ ಬೆಳ್ಳಿಯ ಪ್ರತಿಗಳನ್ನು ಮಾಡಿ ಮಾರುತ್ತಿದ್ದರು. ಜರ್ಮನ್ ಸೈನಿಕನೊಬ್ಬನ ಪದಕದ ಪಟ್ಟಿಯ ಜೊತೆ ಈ ನಕ್ಷತ್ರವೂ ಅವನ ಸೇವಾ ಪುಸ್ತಕವೂ ಇದ್ದು, ಅದರಲ್ಲಿ ಪ್ಯಾಲೆಸ್ಟೈನ್ ಎಂಬ ನಮೂದಿದ್ದರೆ, ಮೈಸೂರಿನ ಸವಾರ ಎದುರಿಸಿದ ಪಾಳೆಯದ ಒಬ್ಬ ಮನುಷ್ಯನ ಹೆಸರು ನಮಗೆ ಸಿಕ್ಕಂತೆ. ನಮ್ಮ ಕಡೆಯ ದಾಖಲೆಗಳಿಗೆ ಎದುರುಬದಿಯ ದಾಖಲೆಯನ್ನು ಜೋಡಿಸುವ ಕೆಲಸವನ್ನು ಕನ್ನಡದ ಸಂಗ್ರಹಕಾರರು ಕೈಗೆತ್ತಿಕೊಳ್ಳಬೇಕೆಂದು ನನ್ನ ಆಸೆ.

ಕೊನೆಯದಾಗಿ ಕೆಲವು ವ್ಯಾವಹಾರಿಕ ಸಂಗತಿಗಳು. ಕೊಳ್ಳುವ ಮೊದಲು ಓದಬೇಕು. ಯೋರ್ಗ್ ನಿಮ್ಮರ್‌ಗುಟ್ ಅವರ ಜರ್ಮನ್ ಪದಕಗಳ ಕೈಪಿಡಿ ಈ ಕ್ಷೇತ್ರದಲ್ಲಿ ಎಲ್ಲರೂ ಆಶ್ರಯಿಸುವ ಗ್ರಂಥ. ಇಂಗೊಲ್‌ಸ್ಟಾಟ್‌ನ ಬವೇರಿಯನ್ ಸೇನಾ ಸಂಗ್ರಹಾಲಯ, ಡ್ರೆಸ್ಡೆನ್ನಿನ ಸೇನಾ ಇತಿಹಾಸ ಸಂಗ್ರಹಾಲಯಗಳಿಗೆ ಹೋಗುವ ಅವಕಾಶ ಸಿಕ್ಕವರು ಅಸಲಿಗಳನ್ನು ಕಣ್ತುಂಬ ನೋಡಬೇಕು. ಮಾರುವವನು ವಾಪಸು ತೆಗೆದುಕೊಳ್ಳುವ ಭರವಸೆಯನ್ನು ಬರಹದಲ್ಲಿ ಕೊಡದಿದ್ದರೆ ಕೊಳ್ಳಬಾರದು. ವಿದೇಶದಿಂದ ತರಿಸುವ ಮುನ್ನ ಕಸ್ಟಮ್ಸ್ ನಿಯಮಗಳನ್ನು ತಿಳಿದುಕೊಳ್ಳಬೇಕು. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷವನ್ನು ಒಂದು ಗಡಿಯಾಗಿ ಇಟ್ಟುಕೊಂಡಿದೆ, ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದನ್ನು ನಿಷೇಧಿಸಿದೆ. ತರಿಸಿದ್ದನ್ನು ಮುಂದೆ ಹೊರಗೆ ಕಳಿಸಬೇಕಾಗಿ ಬಂದರೆ ಏನೆಂಬುದನ್ನು ಮೊದಲೇ ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಹುಣಿಸೆಹಣ್ಣು, ವಿಭೂತಿ, ಪಾಲಿಶ್ ಯಾವುದರಿಂದಲೂ ಪದಕವನ್ನು ಬೆಳಗಬಾರದು. ಬೆಳಗಿದ ಬೆಳ್ಳಿಯ ಮೇಲಿನ ನೂರು ವರ್ಷದ ಮಸಿ ಮತ್ತೆ ಬರುವುದಿಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲ ಐರನ್ ಕ್ರಾಸ್‌ನ ಶತ್ರು. ಬಣ್ಣದಡಿ ತೇವ ಸೇರಿ ಕಬ್ಬಿಣದ ತಿರುಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದಾಗ ಬೆಳ್ಳಿಯ ಕಟ್ಟಿನ ಬೆಸುಗೆ ಬಿರಿಯುತ್ತದೆ. ಬಿಗಿಯಾದ ಡಬ್ಬಿ, ತೇವ ಹೀರುವ ಸಿಲಿಕಾ ಪೊಟ್ಟಣ, ಆಮ್ಲರಹಿತ ಕಾಗದ ಸಾಕು. ಮೆತ್ತನೆಯ ಪಿವಿಸಿ ಚೀಲಗಳು ಬೇಡ.

ಪ್ರತಿ ಪದಕಕ್ಕೂ ಒಂದು ಹಾಳೆ ಬರೆದಿಡಬೇಕು. ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡದ್ದು, ಜೊತೆಗೆ ಏನೇನು ಬಂತು, ಮಾರಿದವನು ಹೇಳಿದ ಕಥೆ ಏನು, ಅದರಲ್ಲಿ ದಾಖಲೆಯಿಂದ ಖಚಿತವಾದದ್ದು ಎಷ್ಟು, ಇನ್ನೂ ಹೇಳಿಕೆಯ ಮಟ್ಟದಲ್ಲೇ ಇರುವುದು ಎಷ್ಟು. ಇದನ್ನು ಕನ್ನಡದಲ್ಲೇ ಬರೆಯಿರಿ, ಸೈನಿಕನ ಹೆಸರು ಮತ್ತು ಊರನ್ನು ಮಾತ್ರ ಮೂಲಪತ್ರದಲ್ಲಿ ಇರುವಂತೆಯೇ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಿ. ನಿಮ್ಮ ನಂತರ ಈ ಪೆಟ್ಟಿಗೆ ಮಕ್ಕಳ ಕೈಗೆ, ಅವರಿಂದ ಯಾವುದೋ ವ್ಯಾಪಾರಿಯ ಕೈಗೆ ಹೋಗಬಹುದು. ಹಾಳೆ ಮತ್ತು ಪದಕ ಒಂದೇ ಲಕೋಟೆಯಲ್ಲಿರಲಿ, ಒಡೆಯದೆ ಒಟ್ಟಿಗೇ ಕೊಡಬೇಕೆಂದು ಲಕೋಟೆಯ ಮೇಲೆಯೇ ಬರೆದಿಡಿ.